ಒಂದು ಗೇಣು ತಗ್ಗಿನ ಬಾಗಿಲು

"ಕೆಲಸ ಮುಗಿಯುವವರೆಗೆ ಮಾತ್ರ ಒಬ್ಬರ ಮುಂದೆ ಬಗ್ಗಿದರೆ ತಪ್ಪೇನು, ಗುರುಗಳೇ? ಹೊರಗೆ ಬಂದ ಮೇಲೆ ನಾನು ಮತ್ತೆ ನೆಟ್ಟಗೇ ನಿಲ್ಲುತ್ತೇನಲ್ಲ?"

ಕೇಳಿದವನು ಗುರುಪಾದ. ಅವನು ಮಠಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಮಠದ ಪಾಠಶಾಲೆಗೆ ಹೊಸ ಕಟ್ಟಡ ಏಳುತ್ತಿತ್ತು. ಅದಕ್ಕೆ ಜಾಗ ಕೊಟ್ಟವನು ಊರಿನ ಸಾಹುಕಾರ. ಕಟ್ಟಡದ ಉಸ್ತುವಾರಿ ಗುರುಪಾದನದಾದ್ದರಿಂದ ವಾರಕ್ಕೊಮ್ಮೆ ಸಾಹುಕಾರನ ಮನೆಗೆ ಹೋಗಿಬರುವ ಕೆಲಸವೂ ಅವನ ತಲೆಗೇ ಬಂದಿತ್ತು. ಸಾಹುಕಾರನಿಗೆ ನಾಲಿಗೆಯ ಮೇಲೆ ಹಿಡಿತವಿರಲಿಲ್ಲ. ನಾಲ್ಕು ಜನರ ಎದುರು ತನ್ನ ಮುದಿ ಆಳುಗಳನ್ನು ಹೀಯಾಳಿಸಿ ನಗುವುದು ಅವನಿಗೆ ಇಷ್ಟ. ಜೊತೆಗೆ ಕೂತವರೂ ನಗಬೇಕು. ಗುರುಪಾದನೂ ನಗುತ್ತಿದ್ದ. ಮನಸ್ಸಿನಲ್ಲಿ ಒಪ್ಪಿಗೆಯಿಲ್ಲ, ಮುಖದಲ್ಲಿ ನಗು. ಇದು ಕಟ್ಟಡಕ್ಕಾಗಿ, ಕಟ್ಟಡ ಮಕ್ಕಳಿಗಾಗಿ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ಬೆಳಿಗ್ಗೆ ಮಠದ ಅಡುಗೆಯವನು ಎಡವಿ ಸಾರಿನ ಪಾತ್ರೆ ಚೆಲ್ಲಿದಾಗ ಅವನ ವಯಸ್ಸಿನ ಬಗ್ಗೆ ಗುರುಪಾದ ಒಂದು ಮಾತು ಆಡಿ ನಕ್ಕಿದ್ದ. ಅಲ್ಲಿ ಸಾಹುಕಾರ ಇರಲಿಲ್ಲ.

ಗುರುಗಳು ತೊಗರಿಕಾಯಿ ಸುಲಿಯುತ್ತ ಕೂತಿದ್ದರು. ಒಂದು ಕತೆ ಶುರುಮಾಡಿದರು. ಅವರ ಕತೆಗಳಲ್ಲಿ ಯಾರಿಗೂ ಹೆಸರಿರುವುದಿಲ್ಲ. ಆದರೆ ಅಳತೆಗಳು ಮಾತ್ರ ಸರಿಯಾಗಿರುತ್ತವೆ.

ಒಬ್ಬ ರೈತ. ಅವನದು ಆರು ಎಕರೆ ದಾಳಿಂಬೆ ತೋಟ. ದಾಳಿಂಬೆಯ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ನುಗ್ಗಿದರೆ ಟೊಂಗೆ ಮುರಿಯುತ್ತದೆ. ಅದಕ್ಕಾಗಿ ಅವನು ಒಂದು ಮಿನಿ ಟ್ರ್ಯಾಕ್ಟರ್ ತರಬೇಕೆಂದು ಮನಸ್ಸು ಮಾಡಿದ. ಹುಷಾರಿನ ಮನುಷ್ಯ. ತರುವ ಮುಂಚೆ ಸಾಲಿನ ಅಗಲ ಅಳೆದ, ಟ್ರ್ಯಾಕ್ಟರಿನ ಅಗಲ ಅಳೆದ, ಮನೆಯ ಗ್ಯಾರೇಜಿನ ಬಾಗಿಲ ಅಗಲವನ್ನೂ ಅಳೆದ. ಎತ್ತರ ಅಳೆಯಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಮಿನಿ ಎಂದ ಮೇಲೆ ಎತ್ತರವಾದರೂ ಎಷ್ಟಿದ್ದೀತು ಎಂದುಕೊಂಡ.

ಆ ಗ್ಯಾರೇಜನ್ನು ಅವನ ತಂದೆ ಒಂದು ಹಳೆಯ ಜೀಪಿಗಾಗಿ ಕಟ್ಟಿಸಿದ್ದು. ಮನೆಗೆ ಅಂಟಿಕೊಂಡೇ ಇತ್ತು. ಮನೆಯ ಗೋಡೆಯೇ ಅದಕ್ಕೂ ಗೋಡೆ. ಬಾಗಿಲ ಮೇಲೆ ಅಡ್ಡಲಾಗಿ ಒಂದು ಉದ್ದನೆಯ ಕಲ್ಲು ಕೂತಿತ್ತು.

ಟ್ರ್ಯಾಕ್ಟರ್ ಬಂತು. ಮೂತಿಗೆ ಹೂವಿನ ಹಾರ ಹಾಕಿದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ರೈತ ಏರಿ ಕೂತು ಗಾಡಿಯನ್ನು ಮೆಲ್ಲಗೆ ಗ್ಯಾರೇಜಿನೊಳಕ್ಕೆ ಬಿಟ್ಟ. ಮೂತಿ ಒಳಗೆ ಹೋಯಿತು, ಸ್ಟೀರಿಂಗು ಒಳಗೆ ಹೋಯಿತು, ಅವನೂ ತಲೆ ತಗ್ಗಿಸಿ ಒಳಗೆ ಹೋದ. ಆಗ ಬೆನ್ನ ಹಿಂದೆ ಠಣ್ಣೆಂದು ಸದ್ದಾಯಿತು.

ಸೀಟಿನ ಹಿಂದೆ ಕಬ್ಬಿಣದ ಒಂದು ಕಮಾನು ನಿಂತಿತ್ತು. ಅದು ಕಲ್ಲಿಗೆ ತಾಗಿತ್ತು. ಇಳಿದು ಬಂದು ಅಳೆದ. ಬಾಗಿಲು ಒಂದು ಗೇಣು ತಗ್ಗು.

ಬೀದಿಯ ಜನಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೇಕೇ? ಬಂದವರೆಲ್ಲ ಒಂದೊಂದು ಉಪಾಯ ಕೊಟ್ಟರು. ಗಾಲಿಯ ಗಾಳಿ ತೆಗೆ ಎಂದ ಒಬ್ಬ. ತೆಗೆದು ನೋಡಿದರು, ನಾಲ್ಕು ಬೆರಳು ಇಳಿಯಿತು, ಗೇಣು ಇಳಿಯಲಿಲ್ಲ. ನೆಲ ಅಗಿ ಎಂದ ಇನ್ನೊಬ್ಬ. ಅಗಿದರೆ ಮಳೆಗಾಲದಲ್ಲಿ ಬೀದಿಯ ನೀರೆಲ್ಲ ಗ್ಯಾರೇಜಿಗೇ ಬರುತ್ತದೆ. ಕಮಾನನ್ನೇ ಕೊಯ್ದು ಬಿಸಾಕು, ಅದರಿಂದ ಉಳುವ ಕೆಲಸವೇನೂ ಆಗುವುದಿಲ್ಲವಲ್ಲ ಎಂದ ಮೂರನೆಯವನು. ರೈತ ಅದಕ್ಕೆ ಒಪ್ಪಲಿಲ್ಲ. ಟ್ರ್ಯಾಕ್ಟರ್ ಮಾರಿದವನು ಅವನಿಗೆ ಮೊದಲೇ ಹೇಳಿದ್ದ. ಗಾಡಿ ಮಗುಚಿದರೆ ಈ ಕಮಾನು ನೆಲಕ್ಕೆ ಊರಿಕೊಂಡು ಕೂತವನನ್ನು ಉಳಿಸುತ್ತದೆ. ಇದೊಂದು ನಿಂತಿರಬೇಕು, ಸೀಟಿನ ಬೆಲ್ಟು ಕಟ್ಟಿರಬೇಕು. ಅಷ್ಟಾದರೆ ಜೀವಕ್ಕೆ ಭಯವಿಲ್ಲ.

ಹೊರಗೇ ನಿಲ್ಲಿಸೋಣವೆಂದರೆ ಬೀದಿ ಕಿರಿದು. ಅಂದು ಸಂಜೆಯೇ ನೀರಿನ ಟ್ಯಾಂಕರ್ ಬಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಕೊಡ ಹಿಡಿದು ನಿಂತ ಹೆಂಗಸರು ಹೊಸ ಗಾಡಿಯ ಯಜಮಾನನಿಗೆ ಮಾಡಿದ ಮಂಗಳಾರತಿಯನ್ನು ಅವನು ಬಹಳ ದಿನ ಮರೆಯಲಿಲ್ಲ.

ಮರುದಿನ ಗೌಂಡಿಯನ್ನು ಕರೆಸಿದ. ಗೌಂಡಿ ಗೋಡೆಯನ್ನು ಕುಟ್ಟಿ ನೋಡಿದ, ಮೇಲಿನ ಕಲ್ಲನ್ನು ನೋಡಿದ. ಕಲ್ಲು ಇಳಿಸಿ, ಗೋಡೆಯನ್ನು ಎರಡು ವರಸೆ ಎತ್ತರಿಸಿ ಕಟ್ಟಿ, ಅದೇ ಕಲ್ಲನ್ನು ಮೇಲೆ ಕೂರಿಸಿದರಾಯಿತು, ಅರ್ಧ ದಿನದ ಕೆಲಸ ಎಂದ. ಗುರುವಾರ ಬರುತ್ತೇನೆಂದು ಹೇಳಿ ಎದ್ದ.

ಅಷ್ಟರಲ್ಲಿ ರೈತನ ತಾಯಿ ಒಳಗಿನಿಂದ ಬಂದಳು.

"ಬಸುರಿ ಇರೂ ಮನ್ಯಾಗ ಗೋಡಿಗೆ ಸುತ್ತಿಗಿ ಮುಟ್ಟಸಬಾರ್ದು, ತಮ್ಮಾ. ಬಾಗಲಾ ಕೀಳಬಾರ್ದು. ಹೆರಿಗಿ ಆಗ್ಲಿ, ಆಮ್ಯಾಲ ಏನರ ಮಾಡ್ಕೊ."

ರೈತನ ಹೆಂಡತಿಗೆ ಆಗ ನಾಲ್ಕು ತಿಂಗಳು. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸುರು. ಅದಕ್ಕೂ ಮುಂಚೆ ಎರಡು ಸಲ ಕೈತಪ್ಪಿತ್ತು. ಎರಡನೆಯ ಸಲ ಅವಳು ಹದಿನೈದು ದಿನ ಯಾರ ಜೊತೆಗೂ ಮಾತಾಡಿರಲಿಲ್ಲ. ತಾಯಿಯ ಮಾತು ಮುಗಿದ ಮೇಲೆ ರೈತ ಹೆಂಡತಿಯ ಮುಖ ನೋಡಿದ. ಅವಳ ಕೈ ಹೊಟ್ಟೆಯ ಮೇಲೆ ಹೋಗಿತ್ತು. ಗೌಂಡಿ ತಾನಾಗಿಯೇ ಸಾಮಾನು ಎತ್ತಿಕೊಂಡ. ಇಂಥ ಮನೆಯ ಗೋಡೆಯನ್ನು ತಾನೂ ಮುಟ್ಟುವುದಿಲ್ಲ, ಕೂಸು ಹುಟ್ಟಿದ ಮೇಲೆ ಹೇಳಿ ಕಳಿಸಿ ಎಂದ.

ಆ ನಂಬಿಕೆ ಸರಿಯೋ ತಪ್ಪೋ, ಅದು ನಮ್ಮ ಕತೆಗೆ ಸಂಬಂಧವಿಲ್ಲ. ರೈತನಿಗೂ ಅದರಲ್ಲಿ ಪೂರ್ತಿ ನಂಬಿಕೆಯೇನೂ ಇರಲಿಲ್ಲ. ಆದರೆ ಆ ಕೂಸಿನ ವಿಷಯದಲ್ಲಿ ಅವನಿಗೆ ಭಯವಿತ್ತು. ಎಂಟು ವರ್ಷ ಕಾದವನಿಗೆ ಐದು ತಿಂಗಳು ದೊಡ್ಡದಲ್ಲ.

ಟ್ರ್ಯಾಕ್ಟರ್ ಮಾರಿದವನಿಗೆ ಫೋನು ಮಾಡಿದ. ಅವನು ನಕ್ಕುಬಿಟ್ಟ. ಕಮಾನು ನಡುವೆ ಮಡಚುತ್ತದೆ, ಅದಕ್ಕಾಗಿಯೇ ಆಚೆ ಈಚೆ ಎರಡು ಪಿನ್ನುಗಳಿವೆ ಎಂದ. ಪಿನ್ನು ಕಿತ್ತರೆ ಕಮಾನು ಹಿಂದಕ್ಕೆ ಬಾಗುತ್ತದೆ. ಎತ್ತಿ ನಿಲ್ಲಿಸಿ ಪಿನ್ನು ಹಾಕಿದರೆ ಮತ್ತೆ ಗಟ್ಟಿ. ಒಳಗೆ ಹಾಕುವಾಗ ಮಡಚು, ಹೊರಗೆ ತಂದ ಕೂಡಲೇ ಎತ್ತು, ಅಷ್ಟೇ ಎಂದ. ರೈತ ಹಾಗೇ ಮಾಡಿದ. ಟ್ರ್ಯಾಕ್ಟರ್ ಸಲೀಸಾಗಿ ಒಳಗೆ ಹೋಯಿತು. ತಾಯಿಯ ಮಾತೂ ಉಳಿಯಿತು, ಬೀದಿಯೂ ಬಿಡುವಾಯಿತು. ಅವನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು.

ಮೊದಲ ಎರಡು ತಿಂಗಳು ಅವನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಗಾಡಿಯನ್ನು ಬಾಗಿಲಾಚೆ ತಂದು ಇಳಿಯುತ್ತಿದ್ದ. ಕಮಾನು ಎತ್ತಿ, ಎರಡು ಪಿನ್ನು ಹಾಕಿ, ಅಲುಗಾಡಿಸಿ ನೋಡಿ, ಮತ್ತೆ ಏರಿ ಬೆಲ್ಟು ಕಟ್ಟುತ್ತಿದ್ದ. ಸಂಜೆ ಅದೇ ಕೆಲಸ ತಿರುವುಮುರುವು. ನೋಡಿದವರು ಇವನದೇನು ಟ್ರ್ಯಾಕ್ಟರೋ ಛತ್ರಿಯೋ ಎಂದು ಚೇಷ್ಟೆ ಮಾಡಿದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಒಂದು ದಿನ ಮೋಡ ಕಟ್ಟಿತ್ತು, ತೋಟಕ್ಕೆ ಔಷಧಿ ಹೊಡೆಯುವ ಅವಸರವಿತ್ತು. ಬೀದಿಯ ತುದಿಗೆ ಹೋಗಿ ಎತ್ತಿದರಾಯಿತು ಎಂದು ಹಾಗೇ ಹೊರಟ. ಬೀದಿಯ ತುದಿಯಲ್ಲಿ ಎತ್ತಿದ. ಇನ್ನೊಂದು ದಿನ ತೋಟಕ್ಕೆ ಹೋದ ಮೇಲೆ ಎತ್ತಿದ. ಮತ್ತೊಂದು ದಿನ ತೋಟಕ್ಕೆ ಹೋದ ಮೇಲೆ, ಸಂಜೆ ಹೇಗೂ ಮಡಚಬೇಕಲ್ಲ ಎಂದು ಸುಮ್ಮನಾದ. ಅಂದು ಏನೂ ಆಗಲಿಲ್ಲ. ಅದೇ ಅವನಿಗೆ ಮುಳುವಾಯಿತು. ಏನಾದರೂ ಸಣ್ಣದೊಂದು ಆಗಿದ್ದರೆ ಎಚ್ಚರ ಬರುತ್ತಿತ್ತು.

ಪಿನ್ನುಗಳು ಕೆಲವು ದಿನ ಅಂಗಿಯ ಜೇಬಿನಲ್ಲಿ ತಿರುಗಿದವು. ಬಟ್ಟೆ ಒಗೆಯುವಾಗ ಹೆಂಡತಿಯ ಕೈಗೆ ಸಿಕ್ಕವು. ಇವು ಏನೆಂದು ಕೇಳಿದಳು. ಟ್ರ್ಯಾಕ್ಟರಿನವು, ಎಲ್ಲಾದರೂ ಇಡು ಎಂದ. ಅವಳು ಅಡುಗೆಮನೆಯ ಗೂಡಿನಲ್ಲಿ ಬೆಂಕಿಪೊಟ್ಟಣದ ಪಕ್ಕ ಇಟ್ಟಳು. ಬೆಲ್ಟಿನ ಗತಿಯೂ ಅದೇ ಆಯಿತು. ಅದು ಸೀಟಿನ ಕೆಳಗೆ ಸೇರಿ ಅಲ್ಲೇ ಧೂಳು ತಿಂದಿತು.

ದಿನ ತುಂಬಿ ಹೆಂಡತಿ ಹೆತ್ತಳು. ಹೆಣ್ಣು ಕೂಸು. ತಾಯಿ ಮಗು ಇಬ್ಬರೂ ಕ್ಷೇಮ. ರೈತ ಊರಿಗೆಲ್ಲ ಪೇಡೆ ಹಂಚಿದ. ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತು ಅತ್ತದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

"ಸದ್ಯ. ಆಮೇಲೆ ಬಾಗಿಲು ಎತ್ತರಿಸಿದನೇ?" ಎಂದು ಗುರುಪಾದ ನಡುವೆ ಬಾಯಿಹಾಕಿದ.

"ನಿನಗೆ ಇರುವ ಅವಸರ ಅವನಿಗೆ ಇರಲಿಲ್ಲ" ಎಂದು ಗುರುಗಳು ಇನ್ನೊಂದು ಹಿಡಿ ಕಾಯಿ ಮುಂದಕ್ಕೆ ಎಳೆದುಕೊಂಡರು.

ಹೆಂಡತಿ ಬಾಣಂತನಕ್ಕೆ ತವರಿಗೆ ಹೋದಳು. ಗೌಂಡಿಯನ್ನು ಕರೆಸಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಆದರೆ ಮನೆಯಾಕೆ ಇಲ್ಲದಾಗ ಮನೆ ಕೆಡವುವುದೆಂದರೇನು, ಅವಳು ಬರಲಿ ಎಂದುಕೊಂಡ. ಐದು ತಿಂಗಳಿಗೆ ಅವಳು ಬಂದಳು. ಆಗ ಕೂಸು ಹಗಲೆಲ್ಲ ಮಲಗುತ್ತಿತ್ತು. ಸುತ್ತಿಗೆಯ ಸದ್ದಿಗೆ ಬೆಚ್ಚಿಬಿದ್ದರೆ? ಕೂಸು ಹಗಲು ಮಲಗುವುದನ್ನು ಬಿಟ್ಟಿತು. ಆಗ ಗೌಂಡಿಗೆ ಪಕ್ಕದ ಊರಿನಲ್ಲಿ ಕೆಲಸ ಸಿಕ್ಕಿತ್ತು. ಗೌಂಡಿ ತಿರುಗಿ ಬಂದ. ಆಗ ತೋಟದಲ್ಲಿ ಹಣ್ಣು ಕೊಯ್ಯುವ ಕಾಲ. ಬೀದಿಯಲ್ಲಿ ಎದುರಾದಾಗಲೆಲ್ಲ ಗೌಂಡಿ ಬಾಗಿಲ ಸುದ್ದಿ ತೆಗೆಯುತ್ತಿದ್ದ. ಆಯಿತು, ಮಾಡಿಸೋಣ ಎಂದು ಇವನು ಅನ್ನುತ್ತಿದ್ದ. ಕೊನೆಗೆ ಗೌಂಡಿಯೂ ಕೇಳುವುದನ್ನು ಬಿಟ್ಟ. ಇವನಿಗೆ ಬಾಗಿಲು ತಗ್ಗು ಅನ್ನುವುದೇ ಮರೆತುಹೋಯಿತು. ಯಾಕೆ ನೆನಪಿರುತ್ತದೆ? ಟ್ರ್ಯಾಕ್ಟರ್ ದಿನಾ ಸಲೀಸಾಗಿ ಒಳಗೆ ಹೋಗುತ್ತಿತ್ತು, ಸಲೀಸಾಗಿ ಹೊರಗೆ ಬರುತ್ತಿತ್ತು.

ಮಗಳು ಎರಡು ವರ್ಷದವಳಾದಳು. ಅಪ್ಪನ ಟ್ರ್ಯಾಕ್ಟರ್ ಶುರುವಾದರೆ ಸಾಕು, ಎಲ್ಲಿದ್ದರೂ ಓಡಿಬಂದು ಕೈ ಚಾಚುತ್ತಿದ್ದಳು. ಬೀದಿಯ ತುದಿಯವರೆಗೆ ತೊಡೆಯ ಮೇಲೆ ಕೂರಿಸಿಕೊಂಡು ಹೋಗಿ ಇಳಿಸುವುದು ಅವನಿಗೆ ರೂಢಿಯಾಯಿತು. ಅಜ್ಜಿ ಹಿಂದೆಯೇ ಹೋಗಿ ಎತ್ತಿಕೊಂಡು ಬರುತ್ತಿದ್ದಳು. ಒಂದು ದಿನ ಅಜ್ಜಿಗೆ ಮೈ ಹುಷಾರಿರಲಿಲ್ಲ, ಹೆಂಡತಿ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು. ಮಗಳು ಇಳಿಯಲು ಒಪ್ಪಲಿಲ್ಲ. ಅವನಿಗೂ ಇಳಿಸುವ ಮನಸ್ಸಿರಲಿಲ್ಲ. ತೋಟಕ್ಕೇ ಕರೆದುಕೊಂಡು ಹೊರಟ.

ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಹಳ್ಳಕ್ಕೆ ಇಳಿಯುವಲ್ಲಿ ದಂಡೆ ಓರೆ. ಅವನು ಅಲ್ಲಿ ಸಾವಿರ ಸಲ ಇಳಿದು ಹತ್ತಿದ್ದಾನೆ. ಹಿಂದಿನ ವಾರದ ಮಳೆಗೆ ದಂಡೆಯ ಅಂಚು ಒಳಗೊಳಗೇ ಕೊರೆದುಹೋಗಿತ್ತು. ಮೇಲೆ ನೋಡಲು ಮಣ್ಣು ಇದ್ದಂತೆಯೇ ಇತ್ತು. ಎಡಗಡೆಯ ಹಿಂದಿನ ಗಾಲಿ ಅದರ ಮೇಲೆ ಹೋದದ್ದೇ ತಡ, ಮಣ್ಣು ಕುಸಿಯಿತು.

ಗಾಡಿ ವಾಲಿತು. ಅವನಿಗೆ ಒಂದೇ ಕೆಲಸಕ್ಕೆ ಸಮಯವಿತ್ತು, ಅದನ್ನು ಮಾಡಿದ. ಮಗಳನ್ನು ಎರಡೂ ಕೈಯಲ್ಲಿ ಎತ್ತಿ ದಂಡೆಯ ಮೇಲ್ಗಡೆ ಹುಲ್ಲಿನತ್ತ ಎಸೆದ. ಆಮೇಲೆ ಟ್ರ್ಯಾಕ್ಟರ್ ಅವನ ಮೇಲೆ ಬಂತು. ಪಕ್ಕಕ್ಕೆ ಒರಗಿ ಅಲ್ಲೇ ನಿಲ್ಲಬೇಕಾದ ಗಾಡಿ, ತಡೆಯುವುದೇನೂ ಇಲ್ಲದೆ ಇನ್ನೂ ಒಂದು ಸುತ್ತು ಹೊರಳಿತು.

ಎಚ್ಚರವಾದಾಗ ಅವನಿಗೆ ಮೊದಲು ಕೇಳಿಸಿದ್ದು ಮಗಳ ಅಳು. ಅಷ್ಟು ಜೋರಾಗಿ ಅಳುತ್ತಿದ್ದಾಳೆಂದರೆ ಬದುಕಿದ್ದಾಳೆ ಎಂದುಕೊಂಡ. ಎದ್ದು ಎತ್ತಿಕೊಳ್ಳಬೇಕೆಂದು ನೋಡಿದ, ಬಲಗಾಲು ಬರಲಿಲ್ಲ. ಅದು ಗಾಡಿಯ ಅಡಿಯಲ್ಲಿತ್ತು. ತಲೆ ಹೊರಳಿಸಿದರೆ ಕಣ್ಣ ಮುಂದೆಯೇ ಕಮಾನು ಕಾಣುತ್ತಿತ್ತು. ಚೆನ್ನಾಗಿ ಮಡಚಿಕೊಂಡಿತ್ತು, ಒಂದು ಗೀರು ಕೂಡ ಬಿದ್ದಿರಲಿಲ್ಲ. ಪಿನ್ನುಗಳು ಎಲ್ಲಿವೆ ಎಂಬುದು ಅವನಿಗೆ ಆಗ ಸ್ಪಷ್ಟವಾಗಿ ನೆನಪಾಯಿತು. ಯಾವ ಕೂಸಿಗೆ ಕೇಡಾಗಬಾರದೆಂದು ಗೋಡೆಯನ್ನು ಮುಟ್ಟದೆ ಬಿಟ್ಟಿದ್ದೆನೋ, ಆ ಕೂಸನ್ನು ಈಗ ಎಲ್ಲಿಗೆ ತಂದಿದ್ದೇನೆ ಎಂಬುದೂ ತಿಳಿಯಿತು. ಕಾಲಿನ ನೋವಿಗಿಂತ ಅದು ಹೆಚ್ಚು ನೋಯಿಸಿತು.

ಪಕ್ಕದ ಹೊಲದವರು ಓಡಿಬಂದರು. ಮಗುವಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ಉಳಿಸಲು ಆಗಲಿಲ್ಲ.

ಎರಡು ತಿಂಗಳಾದ ಮೇಲೆ ಊರುಗೋಲು ಹಿಡಿದು ಮನೆಗೆ ಬಂದ. ಆಟೋದಿಂದ ಇಳಿದವನು ಗ್ಯಾರೇಜಿನ ಮುಂದೆ ನಿಂತುಬಿಟ್ಟ. ಬಾಗಿಲು ಎತ್ತರವಾಗಿತ್ತು. ಅದೇ ಕಲ್ಲು, ಅದರ ಕೆಳಗೆ ಹೊಸ ವರಸೆ ಎರಡು. ಒಳಗೆ ರಿಪೇರಿಯಾಗಿ ಬಂದ ಟ್ರ್ಯಾಕ್ಟರ್ ನಿಂತಿತ್ತು, ಕಮಾನು ನೆಟ್ಟಗಿತ್ತು. ಹೆಂಡತಿ ಯಾರ ಅಪ್ಪಣೆಯನ್ನೂ ಕೇಳದೆ ಗೌಂಡಿಯನ್ನು ಕರೆಸಿ ಮಾಡಿಸಿದ್ದಳು. ಅತ್ತೆ ಕೂಡ ಏನೂ ಅಂದಿರಲಿಲ್ಲ.

ಕೆಲಸಕ್ಕೆ ಎಷ್ಟು ದಿನ ಹಿಡಿಯಿತು ಎಂದು ಅವನು ಕೇಳಿದ. ಗೌಂಡಿ ಆವತ್ತು ಹೇಳಿದ್ದು ಅವನಿಗೆ ನೆನಪಿತ್ತು. ಆದರೂ ಅದು ಸುಳ್ಳಾಗಿರಲಿ, ಹತ್ತು ದಿನವಾದರೂ ಹಿಡಿದಿರಲಿ ಎಂದು ಅವನ ಮನಸ್ಸು ಬೇಡಿಕೊಂಡಿತು.

"ಮುಂಜಾನೆ ನಾಷ್ಟಾ ಮಾಡಿ ಹತ್ತಿದ್ರು, ಮಧ್ಯಾಹ್ನ ಊಟಕ್ಕ ಇಳದ್ರು" ಎಂದಳು ಹೆಂಡತಿ.

ಅವನು ಅಲ್ಲೇ ಕಟ್ಟೆಯ ಮೇಲೆ ಕೂತ. ಮಗಳು ಬಂದು ಊರುಗೋಲನ್ನು ಮುಟ್ಟಿ ಮುಟ್ಟಿ ನೋಡಿದಳು.

ಗುರುಗಳ ಕತೆ ಮುಗಿಯಿತು. ಸುಲಿದ ಕಾಳನ್ನು ಒಂದು ಕಡೆ ಮಾಡಿ, ಸಿಪ್ಪೆಯನ್ನು ದನಕ್ಕೆಂದು ಬುಟ್ಟಿಗೆ ತುಂಬತೊಡಗಿದರು. ಗುರುಪಾದನಿಗೆ ರೈತನ ಮೇಲೆ ಕನಿಕರ ಬಂದಿತ್ತು. ಪಾಪ, ಅವನದೇನೂ ತಪ್ಪಿರಲಿಲ್ಲ, ಕೂಸಿಗಾಗಿ ತಾನೇ ಅವನು ಕಮಾನು ಬಗ್ಗಿಸಿದ್ದು ಎಂದ. ಅರ್ಧ ದಿನ ಬಿಡುವು ಮಾಡಿಕೊಂಡು ಗೋಡೆ ಎತ್ತರಿಸಿದ್ದರೆ ಕಾಲು ಉಳಿಯುತ್ತಿತ್ತು, ಅಷ್ಟೂ ಅನರ್ಥಕ್ಕೆ ಆ ತಗ್ಗು ಬಾಗಿಲೇ ಕಾರಣ ಎಂದೂ ಹೇಳಿದ.

ಗುರುಗಳು ಬುಟ್ಟಿ ಎತ್ತಿಕೊಂಡು ಎದ್ದರು.

"ಬಾಗಿಲು ಅವನಿಗೆ ದಿನಕ್ಕೆ ಎರಡು ಸಲ ಬಗ್ಗಿಸು ಅಂದಿತ್ತು, ಗುರುಪಾದ, ಮಿಕ್ಕ ಹೊತ್ತೆಲ್ಲ ಬಗ್ಗಿಸಿಕೊಂಡೇ ತಿರುಗಿದವನು ಅವನು."